ಶೇಕಡ ೧೬ ಎಂದರೇನು? ಹಂದಿಯ ಆಹಾರದಲ್ಲಿ ಸಸಾರಜನಕದ ಪ್ರಮಾಣವನ್ನು ಕುರಿತು ಒಂದು ವಿಮರ್ಶೆ

ಸಾಕುಹಂದಿಯ ಬೆಳವಣಿಗೆಯನ್ನು ಕುರಿತು ನಮ್ಮ ದೇಶದ ವಿದ್ಯಾಲಯಗಳಿಂದ ಹೊರಟಿರುವ ಪ್ರಬಂಧಗಳಲ್ಲಿ ಒಂದು ಮಾದರಿಯದು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಹಾಲು ಬಿಡಿಸಿದ ಮರಿಗಳನ್ನು ಮೂರು ಗುಂಪುಗಳಾಗಿ ವಿಂಗಡಿಸಿ, ಒಂದಕ್ಕೆ ಶೇಕಡ ೧೪, ಇನ್ನೊಂದಕ್ಕೆ ೧೬, ಮತ್ತೊಂದಕ್ಕೆ ೧೮ ಸಸಾರಜನಕವುಳ್ಳ ಆಹಾರವನ್ನು ಕೊಟ್ಟು, ಹದಿನೈದು ದಿನಗಳಿಗೊಮ್ಮೆ ತೂಗಿ, ಕೊನೆಗೆ ಇಂಥ ಪ್ರಮಾಣವೇ ಮೇಲೆಂದು ತೀರ್ಮಾನಿಸುವುದು ಈ ಪ್ರಬಂಧಗಳ ಕ್ರಮ. ಇವುಗಳಲ್ಲಿ ಯಾವುದೊಂದನ್ನೂ ಹೆಸರಿಸಿ ದೂಷಿಸುವುದು ನಮ್ಮ ಉದ್ದೇಶವಲ್ಲ. ಕೊಟ್ಟಿಗೆ ತೊಳೆದು, ಉಳಿದ ಆಹಾರವನ್ನು ದಿನವೂ ತೂಗಿಟ್ಟು, ಒಲ್ಲದ ಹಂದಿಯನ್ನು ತಕ್ಕಡಿಗೆ ಹತ್ತಿಸಿದವರ ಶ್ರಮ ಎಂತಹುದೆಂಬುದನ್ನು ಆ ಕೆಲಸ ಮಾಡಿದವರು ಬಲ್ಲರು. ನಮ್ಮ ತಕರಾರು ಇರುವುದು ಪ್ರಶ್ನೆಯ ಮೇಲೆ. 'ಹಂದಿಗೆ ಶೇಕಡ ಎಷ್ಟು ಸಸಾರಜನಕ ಬೇಕು?' ಎಂಬ ಪ್ರಶ್ನೆಗೆ, ಅದನ್ನು ಕೇಳಿದ ರೂಪದಲ್ಲಿಯೇ ಇರಿಸಿಕೊಂಡರೆ, ಉತ್ತರವಿಲ್ಲವೆಂದು ನಾವು ಭಾವಿಸುತ್ತೇವೆ. ಇಲ್ಲದ ಉತ್ತರವನ್ನು ಹೇಳಿದುದರ ಬೆಲೆಯನ್ನು ತೆರುತ್ತಿರುವವನು ಹಿಂಡಿ ಕೊಂಡು ಹಂದಿ ಸಾಕುವ ಬಡ ರೈತ.

ಮೊದಲು ಪದವನ್ನೇ ತೆಗೆದುಕೊಳ್ಳೋಣ. ೧೮೩೮ರಲ್ಲಿ ಡಚ್ ರಸಾಯನಶಾಸ್ತ್ರಜ್ಞ ಮುಲ್ಡರ್ ಬಳಕೆಗೆ ತಂದ 'ಪ್ರೋಟೀನು' ಎಂಬ ಗ್ರೀಕ್ ಮೂಲದ ಹೆಸರಿನಲ್ಲಿ 'ಮೊದಲ ಸ್ಥಾನದ್ದು' ಎಂಬ ಭಾವವುಂಟು. ಆ ಪದಾರ್ಥದಲ್ಲಿ ಏನು ಅಡಗಿದೆಯೆಂಬ ಸೂಚನೆಯಿಲ್ಲ. ನಮ್ಮ ಹಿರಿಯರು ಶಾಲಾಪುಸ್ತಕಗಳಿಗೆ ಕನ್ನಡದ ಹೆಸರನ್ನು ಹುಡುಕಿದಾಗ, ಸಾರಜನಕವನ್ನು ಒಳಗೊಂಡದ್ದು ಎಂಬ ಅರ್ಥ ಬರುವಂತೆ 'ಸಸಾರಜನಕ'ವೆಂದರು. ಪಿಷ್ಟದಿಂದಲೂ ಕೊಬ್ಬಿನಿಂದಲೂ ಇದನ್ನು ಬೇರ್ಪಡಿಸುವ ಲಕ್ಷಣ ಸಾರಜನಕವೇ ಆದುದರಿಂದ ಹೆಸರು ಒಪ್ಪತಕ್ಕದ್ದೇ. ಇಂದಿನ ಪಠ್ಯಗಳು 'ಪ್ರೋಟೀನ್' ಎಂದೇ ಬರೆಯುತ್ತವೆ. ಹಳೆಯ ಮಾತನ್ನು ನಾವು ಇಲ್ಲಿ ಬೇಕೆಂದೇ ಉಳಿಸಿಕೊಂಡಿದ್ದೇವೆ. ಆಹಾರದ ಮೂಟೆಯ ಮೇಲೆ ಅಚ್ಚಾಗುವ ಶೇಕಡ ಪ್ರಮಾಣ ನಿಜವಾಗಿ ಯಾವುದನ್ನು ಅಳೆದು ಬಂದದ್ದೆಂಬುದನ್ನು ಈ ಮಾತು ಮುಚ್ಚುಮರೆಯಿಲ್ಲದೆ ಹೇಳುತ್ತದೆ. ಪ್ರಯೋಗಶಾಲೆಯಲ್ಲಿ ಅಳೆಯುವುದು ಸಾರಜನಕವನ್ನು.

ಆ ಅಳತೆಯ ವಿಧಾನ ೧೮೮೩ರಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಯೊಹಾನ್ ಕೆಲ್ಡಾಲ್ ಎಂಬವರು ರೂಪಿಸಿದುದು. ಅದು ಬಿಯರ್ ತಯಾರಿಸುವವರ ಪ್ರಯೋಗಾಲಯ. ಅವರಿಗೆ ಬೇಕಾಗಿದ್ದುದು ಧಾನ್ಯದಲ್ಲಿರುವ ಪ್ರೋಟೀನಿನ ಅಂದಾಜು. ಪದಾರ್ಥವನ್ನು ಗಂಧಕಾಮ್ಲದಲ್ಲಿ ಕುದಿಸಿ, ಸಾರಜನಕವನ್ನು ಅಮೋನಿಯವಾಗಿ ಹಿಡಿದು ಅಳೆದು, ಬಂದ ಅಂಕಿಯನ್ನು ೬.೨೫ರಿಂದ ಗುಣಿಸುತ್ತಾರೆ. ಪ್ರೋಟೀನುಗಳಲ್ಲಿ ಸರಾಸರಿ ಶೇಕಡ ೧೬ರಷ್ಟು ಸಾರಜನಕವಿದೆಯೆಂಬ ಊಹೆಯೇ ಈ ಗುಣಕಕ್ಕೆ ಆಧಾರ. ಹೀಗೆ ದೊರೆತುದಕ್ಕೆ 'ಕಚ್ಚಾ ಸಸಾರಜನಕ'ವೆಂದು ಹೆಸರು. ಕಚ್ಚಾ ಎಂಬ ವಿಶೇಷಣವನ್ನು ಮಾತ್ರ ಬರೆಯುವವರೂ ಓದುವವರೂ ಬೇಗನೆ ಮರೆಯುತ್ತಾರೆ. ಯೂರಿಯ ಗೊಬ್ಬರವನ್ನು ಈ ವಿಧಾನದಿಂದ ಅಳೆದರೆ ಶೇಕಡ ಸುಮಾರು ೨೯೦ರಷ್ಟು ಸಸಾರಜನಕ ಬರುತ್ತದೆ! ಹಸುವಿನ ಮೊದಲ ಹೊಟ್ಟೆಯ ಸೂಕ್ಷ್ಮಜೀವಿಗಳು ಯೂರಿಯವನ್ನು ಕೊಂಚಮಟ್ಟಿಗೆ ಉಪಯೋಗಕ್ಕೆ ತಂದುಕೊಳ್ಳಬಲ್ಲವು. ಒಂದೇ ಕೋಣೆಯ ಹೊಟ್ಟೆಯುಳ್ಳ ಹಂದಿಗೆ ಆ ಸೌಕರ್ಯವಿಲ್ಲ. ಇದು ಬರಿಯ ತರ್ಕದ ಕುಚೋದ್ಯವಲ್ಲ. ೨೦೦೭ರಲ್ಲಿ ಅಮೆರಿಕದಲ್ಲಿ ನಾಯಿ ಬೆಕ್ಕುಗಳ ಆಹಾರದಲ್ಲಿಯೂ, ೨೦೦೮ರಲ್ಲಿ ಚೀನದಲ್ಲಿ ಶಿಶುಗಳ ಹಾಲಿನ ಪುಡಿಯಲ್ಲಿಯೂ ಮೆಲಮೈನು ಬೆರಸಿದ್ದು ಹೊರಬಿದ್ದಾಗ, ಕಲಬೆರಕೆಯವರು ನೆಚ್ಚಿಕೊಂಡಿದ್ದುದು ಈ ೬.೨೫ ಎಂಬ ಗುಣಕವನ್ನೇ.

ಇನ್ನು ಹಂದಿಯ ಕಡೆಯಿಂದ ನೋಡೋಣ. ನ್ಯೂ ಹೇವನ್ನಿನಲ್ಲಿ ಆಸ್‌ಬಾರ್ನ್ ಮತ್ತು ಮೆಂಡೆಲ್ ೧೯೧೪ರಲ್ಲಿ ಪ್ರಕಟಿಸಿದ ಪ್ರಯೋಗ ಇಂದಿಗೂ ಪಾಠ ಹೇಳತಕ್ಕದ್ದು. ಮುಸುಕಿನ ಜೋಳದ ಜೀನ್ ಎಂಬ ಪ್ರೋಟೀನೊಂದನ್ನೇ ಸಾರಜನಕದ ಮೂಲವಾಗಿ ತಿಂದ ಇಲಿಗಳು ಸೊರಗಿದವು. ಅದಕ್ಕೆ ಟ್ರಿಪ್ಟೊಫಾನ್ ಸೇರಿಸಿದಾಗ ತೂಕವನ್ನು ಉಳಿಸಿಕೊಂಡವು. ಲೈಸೀನನ್ನೂ ಸೇರಿಸಿದಾಗ ಬೆಳೆದವು. ಪ್ರಾಣಿಯ ಒಡಲು ಬೇಡುವುದು ಅಮೈನೋ ಆಮ್ಲಗಳನ್ನು, ಅದರಲ್ಲಿಯೂ ತಾನೇ ತಯಾರಿಸಿಕೊಳ್ಳಲಾರದ ಕೆಲವನ್ನು, ತಕ್ಕ ಅನುಪಾತದಲ್ಲಿ. ಅವುಗಳಲ್ಲಿ ಯಾವುದು ಕಡಿಮೆಯೋ ಅದೇ ಬೆಳವಣಿಗೆಯ ಎಲ್ಲೆಯನ್ನು ಗೊತ್ತುಪಡಿಸುತ್ತದೆ. ಧಾನ್ಯವನ್ನು ತಿಂದು ಬೆಳೆಯುವ ಹಂದಿಗೆ ಆ ಕೊರತೆಯ ಆಮ್ಲ ಸಾಮಾನ್ಯವಾಗಿ ಲೈಸೀನು. ಆದುದರಿಂದಲೇ ಬ್ರಿಟನ್ನಿನ ಕೃಷಿ ಸಂಶೋಧನ ಮಂಡಲಿಯು ೧೯೮೧ರ ತನ್ನ ಗ್ರಂಥದಲ್ಲಿ ಲೈಸೀನನ್ನು ೧೦೦ ಎಂದಿಟ್ಟುಕೊಂಡು ಮಿಕ್ಕ ಆಮ್ಲಗಳನ್ನು ಅದಕ್ಕೆ ಅನುಪಾತವಾಗಿ ಹೇಳುವ 'ಆದರ್ಶ ಪ್ರೋಟೀನಿ'ನ ಕ್ರಮವನ್ನು ಅನುಸರಿಸಿತು. ಹಂದಿಯ ಮೈಯಲ್ಲಿ ಕೂಡುವ ಪ್ರತಿ ೧೦೦ ಗ್ರಾಂ ಪ್ರೋಟೀನಿನಲ್ಲಿ ಲೈಸೀನು ಸುಮಾರು ೭ ಗ್ರಾಂ. ಲೆಕ್ಕ ಹೊರಡಬೇಕಾದುದು ಇಲ್ಲಿಂದ.

ಮಾತಿಗಿಂತ ಲೆಕ್ಕವೇ ಚೆನ್ನಾಗಿ ವಿಶದಪಡಿಸೀತು. ಮುಸುಕಿನ ಜೋಳದಲ್ಲಿ ಕಚ್ಚಾ ಸಸಾರಜನಕ ಸುಮಾರು ಶೇಕಡ ೮.೫, ಲೈಸೀನು ೦.೨೫ ಎಂದಿಟ್ಟುಕೊಳ್ಳೋಣ. ಒಳ್ಳೆಯ ಕಡಲೆಕಾಯಿ ಹಿಂಡಿಯಲ್ಲಿ ಅವು ೪೫ ಮತ್ತು ೧.೫೫, ಸೋಯಾ ಹಿಂಡಿಯಲ್ಲಿ ೪೫ ಮತ್ತು ೨.೮. ಲವಣಾದಿಗಳನ್ನು ಸದ್ಯಕ್ಕೆ ಬಿಟ್ಟು, ಶೇಕಡ ೧೬ರ ಮಿಶ್ರಣವನ್ನು ಮಾಡಬೇಕಾದರೆ, ಎರಡು ಹಿಂಡಿಗಳಲ್ಲಿ ಯಾವುದನ್ನು ತೆಗೆದುಕೊಂಡರೂ, ೭೯.೫ ಪಾಲು ಜೋಳ ಮತ್ತು ೨೦.೫ ಪಾಲು ಹಿಂಡಿ ಸಾಕು. ಮೂಟೆಯ ಚೀಟಿಯ ಮೇಲೆ ಎರಡೂ ಒಂದೇ. ಆದರೆ ಸೋಯಾ ಬೆರಸಿದುದರಲ್ಲಿ ಲೈಸೀನು ಶೇಕಡ ೦.೭೭, ಕಡಲೆಕಾಯಿಯದರಲ್ಲಿ ೦.೫೨. ಕಡಲೆಕಾಯಿ ಹಿಂಡಿಯಿಂದಲೇ ಆ ೦.೭೭ನ್ನು ಮುಟ್ಟಬೇಕೆಂದು ಹೊರಟರೆ ಹಿಂಡಿಯ ಪಾಲು ೪೦ಕ್ಕೆ ಏರಬೇಕು. ಆಗ ಮಿಶ್ರಣದ ಸಸಾರಜನಕ ಶೇಕಡ ೨೩ನ್ನು ದಾಟುತ್ತದೆ. ಅಂದರೆ ಸೋಯಾ ಹಿಂಡಿಯ ಶೇಕಡ ೧೬ಕ್ಕೆ ಕಡಲೆಕಾಯಿ ಹಿಂಡಿಯ ಶೇಕಡ ೨೩ ಸಮ! ಕಡಲೆಕಾಯಿ ಹಿಂಡಿಯಿಂದ ೧೪, ೧೬, ೧೮ರ ಪ್ರಯೋಗ ನಡೆಸಿ '೧೮ರಲ್ಲಿ ಬೆಳವಣಿಗೆ ಅತ್ಯಧಿಕ' ಎಂದು ಕಂಡವರು ಕಂಡದ್ದು ಸುಳ್ಳಲ್ಲ. ಆದರೆ ಆ ಹಂದಿಗಳು ಹೆಚ್ಚು ಸಸಾರಜನಕವನ್ನು ಬಯಸಿದವೆಂದು ಅದರಿಂದ ಸಿದ್ಧವಾಗದು. ಅವು ಲೈಸೀನಿಗಾಗಿ ಹಸಿದಿದ್ದವು. ಹಿಂಡಿಯ ರಾಶಿಯ ನಡುವೆ ಅದು ಒಂದಿಷ್ಟು ಹೆಚ್ಚಾಗಿ ಸಿಕ್ಕಿತು. ೧೮ಕ್ಕಿಂತ ಮುಂದೆ ಪರೀಕ್ಷಿಸಿದ್ದರೆ ೨೦ ಇನ್ನೂ ಮೇಲೆಂದು ಕಾಣುವ ಸಂಭವವೂ ಉಂಟು.

ಅದೇ ಕೊರತೆಯನ್ನು ಇನ್ನೊಂದು ದಾರಿಯಿಂದ ತುಂಬಬಹುದು. ನೂರು ಕಿಲೋ ಕಡಲೆಕಾಯಿ ಮಿಶ್ರಣಕ್ಕೆ ಬೇಕಾದುದು ೨೫೦ ಗ್ರಾಂ ಲೈಸೀನು; ಅಂಗಡಿಯಲ್ಲಿ ದೊರೆಯುವ ಲೈಸೀನ್ ಹೈಡ್ರೊಕ್ಲೋರೈಡಿನ ಲೆಕ್ಕದಲ್ಲಿ ಸುಮಾರು ೩೨೦ ಗ್ರಾಂ. ಒಂದು ಕಡೆ ಸುಮಾರು ೨೦ ಕಿಲೋ ಹೆಚ್ಚುವರಿ ಹಿಂಡಿ, ಇನ್ನೊಂದು ಕಡೆ ಈ ಹಿಡಿಯಷ್ಟು ಪುಡಿ. ಜಪಾನಿನ ಕಿನೊಶಿಟ ಮತ್ತು ಅವರ ಸಂಗಡಿಗರು ೧೯೫೭ರ ಸುಮಾರಿಗೆ ಒಂದು ಮಣ್ಣಿನ ಸೂಕ್ಷ್ಮಜೀವಿಯಿಂದ ಗ್ಲುಟಾಮಿಕ್ ಆಮ್ಲವನ್ನೂ, ಒಡನೆಯೇ ಲೈಸೀನನ್ನೂ ಹುದುಗು ಹಿಡಿಸಿ ತೆಗೆಯುವ ಮಾರ್ಗವನ್ನು ಕಂಡುಕೊಳ್ಳದಿದ್ದರೆ ಈ ಎರಡನೆಯ ದಾರಿ ಪುಸ್ತಕದಲ್ಲಿಯೇ ಉಳಿಯುತ್ತಿತ್ತು. ಹಾಗೆಂದು ಪುಡಿಯೊಂದರಿಂದಲೇ ಎಲ್ಲವೂ ನೇರ್ಪಟ್ಟಿತೆನ್ನಲಾಗದು. ಕಡಲೆಕಾಯಿಯಲ್ಲಿ ಥ್ರಿಯೊನೀನು, ಮೆಥಿಯೊನೀನುಗಳೂ ವಿರಳವಾಗಿಯೇ ಇವೆ. ಲೈಸೀನಿನ ಕೊರತೆ ನೀಗಿದೊಡನೆ ಅವು ತಡೆಯಾಗಿ ನಿಲ್ಲುತ್ತವೆ.

ಇಷ್ಟು ತಿಳಿದ ಸಂಗತಿಯಾಗಿದ್ದರೂ ಶೇಕಡ ಲೆಕ್ಕ ಏಕೆ ಅಳಿಯಲಿಲ್ಲ? ಕೋಷ್ಟಕಗಳನ್ನು ನಕಲು ಮಾಡುವ ನಮ್ಮ ಪದ್ಧತಿಯೇ ಒಂದು ಕಾರಣವೆಂದು ತೋರುತ್ತದೆ. ಅಮೆರಿಕದ ರಾಷ್ಟ್ರೀಯ ಸಂಶೋಧನ ಮಂಡಲಿಯ ೧೯೯೮ರ ಆವೃತ್ತಿಯಲ್ಲಿ ೨೦ರಿಂದ ೫೦ ಕಿಲೋ ತೂಕದ ಹಂದಿಗೆ ಶೇಕಡ ೧೮, ೫೦ರಿಂದ ೮೦ಕ್ಕೆ ೧೫.೫, ೮೦ರಿಂದ ೧೨೦ಕ್ಕೆ ೧೩.೨ ಎಂಬ ಅಂಕಿಗಳಿವೆ. ಆ ಅಂಕಿಗಳ ಕೆಳಗೆ ಒಂದು ಅಡಿಟಿಪ್ಪಣಿಯೂ ಇದೆ: ಇವು ಮುಸುಕಿನ ಜೋಳ ಮತ್ತು ಸೋಯಾ ಹಿಂಡಿಯ ಆಹಾರಕ್ಕೆ ಅನ್ವಯಿಸತಕ್ಕವು ಎಂದು ಅದರ ಆಶಯ. ಕೋಷ್ಟಕ ಪುಸ್ತಕದಿಂದ ಪುಸ್ತಕಕ್ಕೆ, ಪುಸ್ತಕದಿಂದ ವಿದ್ಯಾರ್ಥಿಯ ಟಿಪ್ಪಣಿಗೆ, ಅಲ್ಲಿಂದ ರೈತನಿಗೆ ಹಂಚುವ ಕರಪತ್ರಕ್ಕೆ ಇಳಿಯುವಾಗ ಅಂಕಿ ಉಳಿಯುತ್ತದೆ. ಅಡಿಟಿಪ್ಪಣಿ ದಾರಿಯಲ್ಲಿ ಉದುರಿಹೋಗುತ್ತದೆ. ಐಯೋವದ ಹೊಲಗಳಲ್ಲಿ ಜೋಳ ಸೋಯಾಗಳು ಸಹಜವಾಗಿ ಜೊತೆಗೂಡುವುದರಿಂದ ಅಲ್ಲಿನವರಿಗೆ ಇದರಿಂದ ಹೆಚ್ಚು ಹಾನಿಯಿಲ್ಲ. ತೌಡು, ಕಡಲೆಕಾಯಿ ಹಿಂಡಿ, ರಾಗಿ, ಹೋಟೆಲಿನ ಉಳಿಕೆಗಳಿಂದ ಹಂದಿ ಸಾಕುವವರಿಗೆ ಅದೇ ಅಂಕಿಯನ್ನು ಒಪ್ಪಿಸುವುದು ಅಳತೆ ತೆಗೆಯದೆ ಅಂಗಿ ಹೊಲಿದಂತೆ.

ಕಡಲೆಕಾಯಿ ಹಿಂಡಿಗೆ ಸಂಬಂಧಪಟ್ಟ ಇನ್ನೊಂದು ತೊಡಕನ್ನೂ ಹೇಳಬೇಕು. ೧೯೬೦ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತು, ಅದರ ಮೂಲ ಬ್ರೆಜಿಲಿನಿಂದ ಬಂದ ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿಯೆಂದು ಗೊತ್ತಾದಂದಿನಿಂದ ಅಫ್ಲಾಟಾಕ್ಸಿನ್ ಎಂಬ ವಿಷದ ಹೆಸರು ಎಲ್ಲರಿಗೂ ಪರಿಚಿತ. ಹಂದಿಯ ಯಕೃತ್ತಿಗೂ ಬೆಳವಣಿಗೆಗೂ ಅದು ಕೇಡು. ಪ್ರಯೋಗದಲ್ಲಿ ಸಸಾರಜನಕದ ಮಟ್ಟವನ್ನು ಏರಿಸಲು ಹಿಂಡಿಯನ್ನು ಏರಿಸಿದರೆ, ಹಿಂಡಿಯಲ್ಲಿ ವಿಷವಿದ್ದಲ್ಲಿ ಅದೂ ಏರುತ್ತದೆ. ಮೇಲಿನ ಗುಂಪು ಕುಂದಿದಾಗ 'ಅಧಿಕ ಸಸಾರಜನಕದಿಂದ ಬೆಳವಣಿಗೆ ಇಳಿಯಿತು' ಎಂದು ಬರೆದುಬಿಡುವುದು ಸುಲಭ. ಹಿಂಡಿಯನ್ನು ಪರೀಕ್ಷೆ ಮಾಡಿಸದೆ ಹಾಗೆ ಬರೆಯಲು ಅಧಿಕಾರವಿಲ್ಲ. ಇದೇ ರೀತಿ, ಗಾಣದಲ್ಲಿಯೋ ಯಂತ್ರದಲ್ಲಿಯೋ ಅತಿಯಾಗಿ ಕಾದ ಹಿಂಡಿಯಲ್ಲಿ ಲೈಸೀನು ಸಕ್ಕರೆಯೊಡನೆ ಕೂಡಿಕೊಂಡು ಹಂದಿಗೆ ದಕ್ಕದಂತಾಗುತ್ತದೆ. ಕೆಲ್ಡಾಲ್ ವಿಧಾನದಲ್ಲಿ ಅಳೆದರೆ ಸಾರಜನಕ ಮಾತ್ರ ಬಹುಮಟ್ಟಿಗೆ ಹಾಗೆಯೇ ಇರುತ್ತದೆ. ಹಸಿ ಸೋಯಾದ ಸಮಸ್ಯೆ ಇದರ ತಿರುಗುಮುರುಗು: ಕಾಯಿಸದಿದ್ದರೆ ಅದರೊಳಗಿನ ಪ್ರತಿರೋಧಕಗಳು ಜೀರ್ಣಕ್ರಿಯೆಯನ್ನೇ ತಡೆಯುತ್ತವೆ. ಸಣ್ಣ ಕರುಳಿನ ಕೊನೆಯೊಳಗೆ ಹೀರಿಕೊಂಡದ್ದು ಮಾತ್ರ ಹಂದಿಯ ಪಾಲು. ಅಲ್ಲಿಂದ ಮುಂದೆ ಹೋದದ್ದು ದೊಡ್ಡ ಕರುಳಿನ ಸೂಕ್ಷ್ಮಜೀವಿಗಳ ಪಾಲು. ಸೆಗಣಿಯನ್ನು ಅಳೆದು ಜೀರ್ಣತೆಯನ್ನು ಹೇಳುವವರು ಈ ಎರಡು ಪಾಲುಗಳನ್ನು ಒಂದಾಗಿಸಿಬಿಡುತ್ತಾರೆ.

ಹಂದಿ ತಿನ್ನುವುದು ಗ್ರಾಮುಗಳನ್ನು, ಶೇಕಡಗಳನ್ನಲ್ಲ ಎಂಬುದನ್ನು ತರಗತಿಯಲ್ಲಿ ಹೇಳಿದರೆ ವಿದ್ಯಾರ್ಥಿಗಳು ನಗುತ್ತಾರೆ. ಪ್ರಬಂಧ ಬರೆಯುವಾಗ ಮರೆಯುತ್ತಾರೆ. ಶೇಕಡ ೧೬ರ ಆಹಾರವನ್ನು ದಿನಕ್ಕೆ ಎರಡು ಕಿಲೋ ತಿಂದ ಹಂದಿಗೆ ೩೨೦ ಗ್ರಾಂ ಸಸಾರಜನಕ ಸಿಕ್ಕಿತು. ಶೇಕಡ ೧೮ರ ಆಹಾರವನ್ನು ಒಂದೂವರೆ ಕಿಲೋ ತಿಂದ ಹಂದಿಗೆ ೨೭೦ ಗ್ರಾಂ. ಎಷ್ಟು ತಿನ್ನುತ್ತದೆಯೆಂಬುದಾದರೋ ಆಹಾರದ ಶಕ್ತಿಯನ್ನೂ, ನಾರನ್ನೂ, ಹವೆಯ ಸೆಕೆಯನ್ನೂ ಅವಲಂಬಿಸಿದೆ. ತೌಡು ತುಂಬಿದ ಆಹಾರ ಹೊಟ್ಟೆಯನ್ನು ಬೇಗ ತುಂಬಿ ಹಂದಿಯನ್ನು ಹಿಂದೆಗೆಯಿಸುತ್ತದೆ. ಬೇಸಗೆಯಲ್ಲಿ ಹಂದಿ ಮೊದಲೇ ಕಡಿಮೆ ತಿನ್ನುತ್ತದೆ. ಮೇಲಾಗಿ ಅನಗತ್ಯ ಸಸಾರಜನಕವನ್ನು ಒಡೆದು ಯೂರಿಯವನ್ನಾಗಿ ಮಾಡಿ ಮೂತ್ರದಲ್ಲಿ ಕಳೆಯುವ ಕೆಲಸ ಮೈಯ ಬಿಸಿಯನ್ನು ಹೆಚ್ಚಿಸುತ್ತದೆ. ಬೆವರಿನಿಂದ ತಂಪಾಗಲಾರದ ಈ ಪ್ರಾಣಿಗೆ ನಮ್ಮ ಕರಾವಳಿಯ ಸೆಕೆಯಲ್ಲಿ ಅದೊಂದು ಹೊರೆಯೇ ಸರಿ. ಆದರೂ ಎಷ್ಟೋ ವರದಿಗಳಲ್ಲಿ ಆಹಾರದ ಶಕ್ತಿಯ ಅಂಕಿಯೇ ಇರುವುದಿಲ್ಲ.

ಕಾಲದ ವಿಷಯವೂ ಹಾಗೆಯೇ. ಅದೇ ಅಮೆರಿಕನ್ ಮಂಡಲಿಯ ೨೦೧೨ರ ಆವೃತ್ತಿಯ ಪ್ರಕಾರ ಜೀರ್ಣವಾಗುವ ಲೈಸೀನು ೨೫ರಿಂದ ೫೦ ಕಿಲೋ ತೂಕದಲ್ಲಿ ಆಹಾರದ ಶೇಕಡ ೦.೯೮ರಷ್ಟು ಬೇಕು, ೧೦೦ ಕಿಲೋ ದಾಟಿದ ಮೇಲೆ ೦.೬೧ ಸಾಕು. ಹದಿನೈದು ಕಿಲೋವಿನ ಮರಿಯನ್ನು ತೊಂಬತ್ತು ಕಿಲೋ ಆಗುವವರೆಗೂ ಒಂದೇ ಮಟ್ಟದ ಆಹಾರದಲ್ಲಿ ಸಾಕಿದರೆ ಮೊದಲ ತಿಂಗಳುಗಳಲ್ಲಿ ಅರೆಹೊಟ್ಟೆಯೂ ಕೊನೆಯ ತಿಂಗಳುಗಳಲ್ಲಿ ಅಪವ್ಯಯವೂ ನಡೆದು, ಸರಾಸರಿಯಲ್ಲಿ ಎರಡೂ ಅಡಗಿಹೋಗುತ್ತವೆ.

ತಕ್ಕಡಿಯೂ ಪೂರ್ಣಸತ್ಯವನ್ನು ಹೇಳುವುದಿಲ್ಲ. ಮಾಂಸಖಂಡದಲ್ಲಿ ಮುಕ್ಕಾಲು ಪಾಲು ನೀರು. ಒಂದು ಗ್ರಾಂ ಪ್ರೋಟೀನು ಕೂಡಿದರೆ ಅದರೊಡನೆ ಮೂರು ಗ್ರಾಮಿನಷ್ಟು ನೀರೂ ಕೂಡುತ್ತದೆ. ಆದುದರಿಂದ ಮಾಂಸವಾಗಿ ಬೆಳೆಯುವುದು ಅಗ್ಗ, ನೆಣವಾಗಿ ಬೆಳೆಯುವುದು ದುಬಾರಿ. ಲೈಸೀನು ಸಾಲದ ಹಂದಿ ತಿಂದ ಶಕ್ತಿಯನ್ನು ಮಾಂಸವಾಗಿ ಕಟ್ಟಲಾರದೆ ನೆಣವಾಗಿ ಶೇಖರಿಸುತ್ತದೆ. ಕೊನೆಯ ತೂಕದಲ್ಲಿ ಅಂತರ ಕಿರಿದಾಗಿದ್ದರೂ ಕಡಿದಾಗ ಬೆನ್ನ ಮೇಲಿನ ನೆಣದಲ್ಲಿ ಹಿರಿದಾಗಿ ಕಾಣುತ್ತದೆ. ಆಸ್ಟ್ರೇಲಿಯದಲ್ಲಿ ಕ್ಯಾಂಬೆಲ್ ಮತ್ತು ಟ್ಯಾವರ್ನರ್ ೧೯೮೦ರ ದಶಕದಲ್ಲಿ ನಡೆಸಿದ ಕೆಲಸದಿಂದ, ದಿನಕ್ಕೆ ಮಾಂಸ ಕೂಡಿಸುವ ಶಕ್ತಿ ತಳಿಗೂ ಲಿಂಗಕ್ಕೂ ತಕ್ಕಂತೆ ಬೇರೆಯಾಗಿರುವುದು ಸ್ಪಷ್ಟವಾಯಿತು. ಯಾರ್ಕ್‌ಷೈರ್ ತಳಿಗೆ ಹೊಂದುವ ಆಹಾರವನ್ನು ನಾಟಿ ಹಂದಿಗೆ ಕೊಟ್ಟು 'ಪ್ರತಿಫಲ ಕಾಣಲಿಲ್ಲ' ಎಂದರೆ ತಪ್ಪು ಹಂದಿಯದಲ್ಲ. ಹಾಗೆಯೇ ಎಂತಹ ಬೆಳವಣಿಗೆ ಬೇಕೆಂಬುದನ್ನು ನಿರ್ಣಯಿಸುವುದರಲ್ಲಿ ಅಡಿಗೆಮನೆಗೂ ಒಂದು ಮತವುಂಟು. ಡೆನ್ಮಾರ್ಕಿನ ಬೇಕನ್ ವ್ಯಾಪಾರಿಗೆ ನೆಣ ನಷ್ಟ. ಕೊಡಗಿನ ಪಂದಿಕರಿಗೆ ಚರ್ಮ ನೆಣಗಳಿಲ್ಲದ ಬರಿಯ ಮಾಂಸ ಒಗ್ಗದು. ನಮ್ಮ ಪ್ರಬಂಧಗಳು ವಿದೇಶದ ಗುಣಮಟ್ಟವನ್ನು ಪ್ರಶ್ನಿಸದೆ ಒಪ್ಪಿಕೊಳ್ಳುವುದು ನಮಗೆ ವಿಚಿತ್ರವಾಗಿ ತೋರುತ್ತದೆ.

ಸಂಖ್ಯಾಶಾಸ್ತ್ರದ ಬಗೆಗೆ ಎರಡೇ ಮಾತು. ಗುಂಪಿಗೆ ಐದಾರು ಹಂದಿಗಳಿರುವಾಗ 'ಅಂತರ ಸಾರ್ಥಕವಲ್ಲ' ಎಂದು ಬಂದರೆ, ಅಂತರವಿಲ್ಲವೆಂದು ಅದರ ಅರ್ಥವಲ್ಲ. ಇದ್ದರೂ ಕಾಣುವಷ್ಟು ಪ್ರಯೋಗ ಬಲವಾಗಿರಲಿಲ್ಲವೆಂದಿಷ್ಟೇ ಅರ್ಥವಿರಬಹುದು. ಮತ್ತು ಒಂದೇ ತೊಟ್ಟಿಯಲ್ಲಿ ಕೂಡಿ ತಿನ್ನುವ ಹಂದಿಗಳನ್ನು ಬಿಡಿಬಿಡಿಯಾಗಿ ಎಣಿಸುವುದು ಸಲ್ಲದು. ಅಲ್ಲಿ ಎಣಿಕೆಗೆ ಬರುವುದು ತೊಟ್ಟಿ.

ಇಷ್ಟನ್ನು ಓದಿ, ಸಸಾರಜನಕವನ್ನು ಇಳಿಸಿದಷ್ಟೂ ಲಾಭವೆಂದು ಯಾರಾದರೂ ತಿಳಿದರೆ ಅದು ಇನ್ನೊಂದು ಅತಿರೇಕ. ಯುರೋಪಿನಲ್ಲಿ ಇಂದು ಆ ಉತ್ಸಾಹ ಬಹಳ; ಕಾರಣಗಳೂ ಸಬಲವಾಗಿವೆ. ತಿಂದ ಸಾರಜನಕದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಸೆಗಣಿ ಮೂತ್ರಗಳಲ್ಲಿ ಹೊರಬಿದ್ದು ಗಾಳಿ ನೀರುಗಳನ್ನು ಕೆಡಿಸುತ್ತದೆ. ಅಮೈನೋ ಆಮ್ಲಗಳನ್ನು ಸರಿದೂಗಿಸಿಕೊಂಡು ಆಹಾರದ ಸಸಾರಜನಕವನ್ನು ೧೬ರಿಂದ ೧೫ಕ್ಕೆ, ೧೫ರಿಂದ ೧೪ಕ್ಕೆ ಎಂಬಂತೆ ಒಂದೊಂದು ಅಂಶ ಇಳಿಸಿದಾಗಲೂ ಹೀಗೆ ಹೊರಬೀಳುವುದು ಸುಮಾರು ೮ರಿಂದ ೧೦ರಷ್ಟು ಶೇಕಡ ತಗ್ಗುತ್ತದೆ. ಹಾಲು ಬಿಡಿಸಿದ ಮರಿಗಳ ಭೇದಿಗೆ ಔಷಧವಾಗಿ ಕೊಡುತ್ತಿದ್ದ ಸತುವಿನ ಆಕ್ಸೈಡನ್ನು ಯುರೋಪಿಯನ್ ಒಕ್ಕೂಟ ೨೦೨೨ರ ಜೂನಿನಿಂದ ನಿಲ್ಲಿಸಿದ ಮೇಲೆ, ಆ ಮರಿಗಳ ಆಹಾರದಲ್ಲಿ ಸಸಾರಜನಕವನ್ನು ತಗ್ಗಿಸುವುದಕ್ಕೆ ಇನ್ನೂ ಒತ್ತಾಸೆ ಬಂದಿದೆ. ಜೀರ್ಣವಾಗದ ಪ್ರೋಟೀನು ದೊಡ್ಡ ಕರುಳಿನಲ್ಲಿ ಕೊಳೆತು ಭೇದಿಗೆ ಎಡೆಗೊಡುವುದರಿಂದ ಇದು ಯುಕ್ತವೇ. ಆದರೆ ಮೂರು ನಾಲ್ಕು ಅಂಶಗಳಿಗಿಂತ ಕೆಳಗಿಳಿಸಿದಾಗ ಲೈಸೀನು, ಥ್ರಿಯೊನೀನು, ಮೆಥಿಯೊನೀನು, ಟ್ರಿಪ್ಟೊಫಾನುಗಳ ಜೊತೆಗೆ ವ್ಯಾಲೀನು, ಐಸೊಲ್ಯೂಸೀನುಗಳೂ ಕೊರತೆಗೆ ಬರುತ್ತವೆ. ಉಳಿದ ಆಮ್ಲಗಳನ್ನು ಹಂದಿ ತಾನೇ ಕಟ್ಟಿಕೊಳ್ಳುವುದಕ್ಕೂ ಸಾರಜನಕ ಎಲ್ಲಿಂದಲಾದರೂ ಬರಬೇಕಷ್ಟೆ. ಯೂರಿಯ ಮಾಡುವ ವೆಚ್ಚ ಉಳಿದು ಶಕ್ತಿ ಮಿಗುವುದರಿಂದ, ಆಹಾರದ ಶಕ್ತಿಯನ್ನು ಸರಿಪಡಿಸದೆ ಬಿಟ್ಟರೆ ನೆಣವೂ ಏರುತ್ತದೆ.

ನಮ್ಮ ನಾಡಿನಲ್ಲಿ ಈ ಚರ್ಚೆ ಬಂದು ತಟ್ಟುವ ಸ್ಥಳ ಹೋಟೆಲಿನ ಉಳಿಕೆಯ ಡಬ್ಬ. ಪಟ್ಟಣಗಳ ಅಂಚಿನಲ್ಲಿ ಹಂದಿ ಸಾಕುವವರು ಅದರಲ್ಲಿ ಅನ್ನ, ಸಾರು, ಪಲ್ಯ, ಇಡ್ಲಿಗಳನ್ನು ಹೊತ್ತು ತರುತ್ತಾರೆ. ಅದನ್ನು ಹಾಗೆಯೇ ಅಳೆದು ಸಸಾರಜನಕ ಶೇಕಡ ೩ ಅಥವಾ ೪ ಎಂದು ಬಂದರೆ ಓದುಗ ಗಾಬರಿಯಾಗಬಹುದು. ಆದರೆ ಅದರಲ್ಲಿ ಮುಕ್ಕಾಲು ಭಾಗ ನೀರಿದ್ದರೆ, ಒಣಗಿಸಿದ ಲೆಕ್ಕದಲ್ಲಿ ಆ ೪ ಎಂಬುದೇ ೧೬. ವರದಿಯಲ್ಲಿ ಒಣ ಲೆಕ್ಕವೋ ಹಸಿ ಲೆಕ್ಕವೋ ಎಂಬುದನ್ನು ಬರೆಯದಿದ್ದರೆ ಅಂಕಿಗೆ ಅರ್ಥವೇ ಇಲ್ಲ. ಒಣ ಲೆಕ್ಕದ ಆ ೧೬ರಲ್ಲಿಯೂ ಅನ್ನದ ಪಾಲೆಷ್ಟು, ಬೇಳೆಯ ಪಾಲೆಷ್ಟು, ಮಾಂಸದ ಚೂರುಗಳೆಷ್ಟು ಎಂಬುದರ ಮೇಲೆ ಲೈಸೀನು ನಿಂತಿದೆ. ಸಸ್ಯಾಹಾರಿ ಹೋಟೆಲಿನ ಡಬ್ಬವೂ ಬಿರಿಯಾನಿ ಹೋಟೆಲಿನ ಡಬ್ಬವೂ ಒಂದಲ್ಲ. ಅಂಥ ಸಾಕಣೆಗಾರನು ಕರಪತ್ರದ ಮಾತು ನಂಬಿ, ಶೇಕಡ ೧೬ನ್ನು ೧೮ ಮಾಡಲು ಇನ್ನೊಂದು ಮೂಟೆ ಕಡಲೆಕಾಯಿ ಹಿಂಡಿಯನ್ನು ಸಾಲಕ್ಕೆ ತರುವುದಕ್ಕೆ ಮೊದಲು, ಅವನ ಎರಡು ಬಗೆಯ ಡಬ್ಬಗಳಿಂದಲೂ ಮಾದರಿಗಳನ್ನು ತಂದು, ಒಣಗಿಸಿ, ಲೈಸೀನಿಗಾಗಿ ಅಳೆದು, ಒಂದು ತಿಂಗಳ ಕಾಲ ವಾರವಾರವೂ ಅಂಕಿಗಳನ್ನು ಬರೆದಿಡುವುದು ನಮ್ಮ ಸ್ನಾತಕೋತ್ತರ ವಿದ್ಯಾರ್ಥಿಯೊಬ್ಬನು ಒಂದು ವರ್ಷದಲ್ಲಿ ಮುಗಿಸಬಹುದಾದ ಕೆಲಸ. ಅದಕ್ಕೆ ಮೂರು ಗುಂಪು ಹಂದಿಗಳೂ ಬೇಕಾಗಿಲ್ಲ.